ಬೆನಗಲ್ ನರಸಿಂಗರಾಯರು

ಮಳವಳ್ಳಿ ತಾಲ್ಲೂಕಿನ ಬಂಡೂರು ದೊಡ್ಡ ಊರೇನೂ ಅಲ್ಲ. ಆದರೆ ಗಿಡ್ಡ ಕಾಲಿನ, ತುಂಬು ಮೈಯ ಕುರಿಯ ತಳಿಯೊಂದು ಈ ಊರಿನ ಹೆಸರನ್ನು ಹೊತ್ತಿರುವುದರಿಂದ ನಾಡಿನ ಎಲ್ಲೆಡೆ ಅದರ ಹೆಸರು ಕೇಳಿಬರುತ್ತದೆ. ಸಂಜೆ ಮಂದೆ ಹಿಂದಿರುಗಿದಾಗ ಕುರಿ ಕಾಯುವವನು ದೊಡ್ಡಿಯ ಬಾಗಿಲಲ್ಲಿ ನಿಂತು ಒಂದೊಂದನ್ನೂ ಎಣಿಸಿ ಒಳಗೆ ಬಿಡುತ್ತಾನೆ. ಕುಂಟುತ್ತ ಹಿಂದೆ ಬಂದುದೂ ಲೆಕ್ಕಕ್ಕೆ ಸೇರಬೇಕು; ನಿನ್ನೆ ಹುಟ್ಟಿದ ಮರಿಯೂ ಸೇರಬೇಕು. ಒಂದು ಕಡಮೆಯಾದರೂ ಅವನಿಗೆ ಆ ರಾತ್ರಿಯ ಊಟ ರುಚಿಸದು.

ಅಷ್ಟೇ ಎಚ್ಚರವನ್ನು ಬೇಡುವ ಇನ್ನೊಂದು ಎಣಿಕೆಯೂ ಇದೇ ಊರಿನ ಬೀದಿಗಳಲ್ಲಿ ನಡೆಯುತ್ತದೆ. ಶಾಲೆಯ ಉಪಾಧ್ಯಾಯರೋ ಅಂಗನವಾಡಿಯ ಕಾರ್ಯಕರ್ತೆಯೋ ಕೈಯಲ್ಲಿ ಕಾಗದದ ಕಟ್ಟನ್ನು ಹಿಡಿದು ಮನೆಮನೆಯ ಮುಂದೆ ನಿಲ್ಲುತ್ತಾರೆ. ಈ ಮನೆಯಲ್ಲಿ ವಯಸ್ಸಿಗೆ ಬಂದವರು ಯಾರು, ಮದುವೆಯಾಗಿ ಬಂದ ಸೊಸೆಯ ಹೆಸರೇನು, ತೀರಿಕೊಂಡವರು ಯಾರು ಎಂದು ಕೇಳಿ ಬರೆದುಕೊಳ್ಳುತ್ತಾರೆ. ಇದು ಮತದಾರರ ಪಟ್ಟಿಯ ಕೆಲಸ. ಕುರಿಗಳ ಎಣಿಕೆ ನಡೆಯುವುದು ಅವುಗಳ ಒಡೆಯನಿಗಾಗಿ. ಈ ಎಣಿಕೆಯಲ್ಲಾದರೋ ಎಣಿಕೆಗೆ ಸಿಕ್ಕವರೇ ನಾಡಿನ ಒಡೆಯರು. ಪ್ರಜೆಯು ಪಟ್ಟಿಯನ್ನು ಹುಡುಕಿಕೊಂಡು ಹೋಗುವುದಕ್ಕೆ ಬದಲಾಗಿ ಪಟ್ಟಿಯೇ ಪ್ರಜೆಯ ಬಾಗಿಲಿಗೆ ಬರುವ ಈ ಪದ್ಧತಿ ತಾನಾಗಿ ಹುಟ್ಟಿದುದಲ್ಲ. ಭಾರತದಲ್ಲಿ ಇದಕ್ಕೆ ಅಡಿಪಾಯ ಹಾಕಿದವರಲ್ಲಿ ಕನ್ನಡ ನಾಡಿನಲ್ಲಿ ಹುಟ್ಟಿದ ಒಬ್ಬ ಮಹನೀಯರು ಮುಖ್ಯರಾದವರು. ಅವರೇ ಬೆನಗಲ್ ನರಸಿಂಗರಾಯರು.

ನರಸಿಂಗರಾಯರು 1887ರ ಫೆಬ್ರವರಿ 26ರಂದು ಮಂಗಳೂರಿನಲ್ಲಿ ಜನಿಸಿದರು. ಆಗ ದಕ್ಷಿಣ ಕನ್ನಡ ಜಿಲ್ಲೆ ಮದರಾಸು ಪ್ರಾಂತಕ್ಕೆ ಸೇರಿದ್ದಿತು. ತಂದೆ ರಾಘವೇಂದ್ರರಾಯರು ವೈದ್ಯರು. ಮಕ್ಕಳ ವಿದ್ಯೆಗೆ ಆ ಮನೆಯಲ್ಲಿ ಎಷ್ಟು ಗಮನ ಸಲ್ಲುತ್ತಿದ್ದಿತೆಂಬುದಕ್ಕೆ ಆ ಮಕ್ಕಳ ಬಾಳೇ ಸಾಕ್ಷಿ. ಒಬ್ಬ ಸೋದರರು ರಾಮರಾಯರು ಭಾರತೀಯ ರಿಸರ್ವ್ ಬ್ಯಾಂಕಿನ ಗವರ್ನರರಾದರು. ಮತ್ತೊಬ್ಬರು ಶಿವರಾಯರು ಪತ್ರಿಕೋದ್ಯಮಿಯಾಗಿ ಹೆಸರು ಗಳಿಸಿದರು.

ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಓದಿದ ನರಸಿಂಗರಾಯರು ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಇಡೀ ಮದರಾಸು ಪ್ರಾಂತಕ್ಕೇ ಮೊದಲಿಗರಾದರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಇಂಗ್ಲಿಷ್, ಸಂಸ್ಕೃತ ಮತ್ತು ಭೌತಶಾಸ್ತ್ರ ಈ ಮೂರರಲ್ಲಿಯೂ ಪ್ರಥಮ ದರ್ಜೆಯನ್ನು ಪಡೆದರು. ಬಳಿಕ ವಿದ್ಯಾರ್ಥಿವೇತನದ ನೆರವಿನಿಂದ ಇಂಗ್ಲೆಂಡಿಗೆ ತೆರಳಿ ಕೇಂಬ್ರಿಜ್ಜಿನ ಟ್ರಿನಿಟಿ ಕಾಲೇಜನ್ನು ಸೇರಿ, 1909ರಲ್ಲಿ ಗಣಿತದ ಕಠಿಣ ಪರೀಕ್ಷೆಯಲ್ಲಿ ಒಂಬತ್ತನೆಯ ಸ್ಥಾನ ಗಳಿಸಿದರು. ಜವಾಹರಲಾಲ್ ನೆಹರೂ ಅವರು ಅದೇ ಕಾಲೇಜಿನಲ್ಲಿದ್ದುದು ಅದೇ ದಿನಗಳಲ್ಲಿ. ಗಣಿತದಿಂದ ಬಂದ ಒಂದು ಗುಣ ರಾಯರಲ್ಲಿ ಕೊನೆಯವರೆಗೂ ಉಳಿಯಿತು. ಯಾವ ಲೆಕ್ಕವನ್ನೂ ಅವರು ಹಾರಿಕೆಯ ಮಾತಿನಲ್ಲಿ ಮುಗಿಸುತ್ತಿರಲಿಲ್ಲ. ಹೆಜ್ಜೆ ಹೆಜ್ಜೆಯಾಗಿ ಬಿಡಿಸಿ, ಉತ್ತರವನ್ನು ತಾಳೆ ನೋಡಿದ ಮೇಲೆಯೇ ಮುಂದಕ್ಕೆ ಸಾಗುತ್ತಿದ್ದರು.

ಇಂಡಿಯನ್ ಸಿವಿಲ್ ಸರ್ವೀಸಿಗೆ ಆಯ್ಕೆಯಾದ ರಾಯರು ಬಂಗಾಳದಲ್ಲಿ ಕೆಲಸಕ್ಕೆ ಸೇರಿ, ಪೂರ್ವ ಬಂಗಾಳದ ಹಲವು ಜಿಲ್ಲೆಗಳಲ್ಲಿ ನ್ಯಾಯಾಧೀಶರಾಗಿ ದುಡಿದರು. 1925ರಿಂದ 1933ರವರೆಗೆ ಅಸ್ಸಾಮಿನಲ್ಲಿ ಸರ್ಕಾರದ ಕಾನೂನು ಸಲಹೆಗಾರರಾಗಿಯೂ ಶಾಸನಸಭೆಯ ಕಾರ್ಯದರ್ಶಿಯಾಗಿಯೂ ಇದ್ದರು. 1935ರ ಭಾರತ ಸರ್ಕಾರದ ಕಾಯಿದೆಗೆ ಸಂಬಂಧಿಸಿದ ಕೆಲಸದಲ್ಲಿ ಪಾಲುಗೊಂಡರು. ಮುಂದೆ ಕಲ್ಕತ್ತೆಯ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳಾದರು. ಸಿಂಧ್ ಮತ್ತು ಪಂಜಾಬುಗಳ ನಡುವೆ ಸಿಂಧೂ ನದಿಯ ನೀರಿನ ವಿಚಾರದಲ್ಲಿ ವ್ಯಾಜ್ಯ ಹುಟ್ಟಿದಾಗ ಅದನ್ನು ವಿಚಾರಿಸಿದ ಆಯೋಗಕ್ಕೆ ಅವರೇ ಅಧ್ಯಕ್ಷರು. ನದಿಯು ಒಂದು ಪ್ರಾಂತದ ಸೊತ್ತಲ್ಲ, ಅದರ ನೀರು ಎಲ್ಲರಿಗೂ ನ್ಯಾಯವಾಗಿ ಹಂಚಿಕೆಯಾಗಬೇಕು ಎಂಬ ತತ್ತ್ವವನ್ನು ಆ ಆಯೋಗವು 1942ರಲ್ಲಿ ಎತ್ತಿಹಿಡಿಯಿತು. ಕಾವೇರಿಯನ್ನು ನಂಬಿ ಬದುಕುವ ಮಂಡ್ಯದ ರೈತನಿಗೆ ಈ ಮಾತಿನ ಬೆಲೆಯನ್ನು ಬೇರೆಯಾಗಿ ತಿಳಿಸಬೇಕಾಗಿಲ್ಲ. ಹಿಂದೂ ಸ್ತ್ರೀಯರ ಆಸ್ತಿಯ ಹಕ್ಕು ಮೊದಲಾದ ವಿಷಯಗಳನ್ನು ಪರಿಶೀಲಿಸಲು 1941ರಲ್ಲಿ ನೇಮಕವಾದ ಸಮಿತಿಯೂ ಅವರ ಹೆಸರಿನಿಂದಲೇ ಪ್ರಸಿದ್ಧವಾಯಿತು. 1944ರಲ್ಲಿ ಸೇವೆಯಿಂದ ನಿವೃತ್ತರಾಗಿ ಕೆಲವು ಕಾಲ ಕಾಶ್ಮೀರ ಸಂಸ್ಥಾನದ ಪ್ರಧಾನಮಂತ್ರಿಗಳಾಗಿದ್ದರು. ಮಹಾರಾಜರೊಡನೆ ಅಭಿಪ್ರಾಯಭೇದ ಉಂಟಾದಾಗ ಪದವಿಯನ್ನು ಬಿಟ್ಟುಬಂದರು.

ಇಷ್ಟರಲ್ಲಿ ದೇಶದ ಇತಿಹಾಸವು ದೊಡ್ಡ ತಿರುವಿಗೆ ಬಂದು ನಿಂತಿದ್ದಿತು. ಸ್ವತಂತ್ರ ಭಾರತಕ್ಕೆ ಸಂವಿಧಾನವನ್ನು ರಚಿಸುವ ಸಭೆ ಸೇರಬೇಕಾಗಿದ್ದಿತು. 1946ರಲ್ಲಿ ನರಸಿಂಗರಾಯರು ಅದರ ಸಂವಿಧಾನ ಸಲಹೆಗಾರರಾಗಿ ನೇಮಕಗೊಂಡರು. ಈ ಕೆಲಸಕ್ಕೆ ಅವರು ಸಂಬಳ ಪಡೆಯಲಿಲ್ಲವೆಂಬುದು ನೆನೆಯತಕ್ಕ ಸಂಗತಿ. ಲೋಕದ ನಾನಾ ದೇಶಗಳ ಸಂವಿಧಾನಗಳನ್ನು ಅವರು ಅಧ್ಯಯನ ಮಾಡಿದರು. ಸಭೆಯ ಸದಸ್ಯರಿಗೆ ಪ್ರಶ್ನಾವಳಿಯನ್ನು ಕಳುಹಿಸಿ ಅವರ ಅಭಿಪ್ರಾಯಗಳನ್ನು ಕೇಳಿದರು. 1947ರ ಅಕ್ಟೋಬರಿನಲ್ಲಿ ಸಂವಿಧಾನದ ಮೊದಲ ಕರಡನ್ನು ಸಿದ್ಧಗೊಳಿಸಿದರು. ಡಾ. ಅಂಬೇಡ್ಕರರ ಅಧ್ಯಕ್ಷತೆಯ ಕರಡು ಸಮಿತಿ ಆ ಬರಹವನ್ನು ಮುಂದಿಟ್ಟುಕೊಂಡು ತನ್ನ ಮಹತ್ಕಾರ್ಯವನ್ನು ನಡೆಸಿತು. ಕೆಲಸ ಮುಗಿದಾಗ ಅಂಬೇಡ್ಕರರು ತಮಗೆ ಸಲ್ಲುತ್ತಿದ್ದ ಪ್ರಶಂಸೆಯಲ್ಲಿ ಒಂದು ಪಾಲು ನರಸಿಂಗರಾಯರದೆಂದು ಸಭೆಯಲ್ಲಿಯೇ ಹೇಳಿ ತಮ್ಮ ಹಿರಿಮೆಯನ್ನೂ ಮೆರೆದರು.

ಸಂವಿಧಾನದ ಕರಡಿನ ಕಥೆ ಹಲವರಿಗೆ ತಿಳಿದಿದೆ. ಅದೇ ತಿಂಗಳುಗಳಲ್ಲಿ ಅದರ ಪಕ್ಕದ ಮೇಜಿನ ಮೇಲೆ ನಡೆದ ಇನ್ನೊಂದು ಕೆಲಸದ ಕಥೆ ಅಷ್ಟಾಗಿ ತಿಳಿಯದು. ಅದೇ ಮತದಾರರ ಪಟ್ಟಿಯ ಕಥೆ.

ಆ ಕೆಲಸದ ಭಾರವನ್ನು ಅರಿಯಬೇಕಾದರೆ ಅಂದಿನ ಸ್ಥಿತಿಯನ್ನು ಸ್ವಲ್ಪ ತಿಳಿಯಬೇಕು. ಮೈಸೂರು ಸಂಸ್ಥಾನದಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರಷ್ಟು ಹಿಂದೆಯೇ, ಪ್ರಜಾಪ್ರತಿನಿಧಿ ಸಭೆ ಸ್ಥಾಪನೆಯಾಗಿದ್ದಿತು. ಮುಂದೆ ಚುನಾವಣೆಯೂ ಬಂದಿತು. 1923ರಲ್ಲಿ ಸ್ತ್ರೀಯರೂ ಮತದಾನಕ್ಕೆ ಅರ್ಹರಾದರು. ಇದು ಹೆಮ್ಮೆಯ ವಿಷಯವೇ ಸರಿ. ಆದರೂ ಮತ ಹಾಕುವ ಹಕ್ಕು ಕಂದಾಯ ಕಟ್ಟುವವರು, ವಿದ್ಯಾವಂತರು, ಆಸ್ತಿವಂತರು ಮುಂತಾದವರ ಮಟ್ಟಿಗೆ ನಿಂತಿದ್ದಿತು. ಬಂಡೂರಿನ ಜಮೀನುದಾರನ ಹೆಸರು ಪಟ್ಟಿಯಲ್ಲಿ ಇರಬಹುದಾಗಿದ್ದಿತು. ಆ ಜಮೀನನ್ನು ಉಳುವ ಆಳಿನ ಹೆಸರಿಗೆ ಅಲ್ಲಿ ಎಡೆಯಿರಲಿಲ್ಲ. ಬ್ರಿಟಿಷ್ ಪ್ರಾಂತಗಳಲ್ಲಿಯೂ ಸ್ಥಿತಿ ಹೀಗೆಯೇ ಇದ್ದಿತು. 1935ರ ಕಾಯಿದೆಯ ಮೇರೆಗೆ ನಡೆದ ಚುನಾವಣೆಯಲ್ಲಿ ಮತಾಧಿಕಾರ ಪಡೆದವರು ಮೂರು ಕೋಟಿಗಿಂತ ತುಸು ಹೆಚ್ಚು. ಅದರಲ್ಲಿಯೂ ಮತಧರ್ಮಗಳಿಗೆ ತಕ್ಕಂತೆ ಪಟ್ಟಿಗಳು ಬೇರೆಬೇರೆಯಾಗಿದ್ದುವು. ಅಂದಿನ ಪಟ್ಟಿಯನ್ನು ತಯಾರಿಸುವುದು ಕಷ್ಟದ ಕೆಲಸವೂ ಅಲ್ಲ. ಕಂದಾಯದ ಪುಸ್ತಕವನ್ನು ತೆರೆದು ಹೆಸರುಗಳನ್ನು ಇಳಿಸಿಕೊಂಡರೆ ಅದರ ಬಹುಪಾಲು ಮುಗಿಯುತ್ತಿದ್ದಿತು.

ಹೊಸ ಭಾರತವು ಇಪ್ಪತ್ತೊಂದು ವರ್ಷ ತುಂಬಿದ ಪ್ರತಿಯೊಬ್ಬರಿಗೂ ಮತಾಧಿಕಾರ ಎಂದು ನಿರ್ಧರಿಸಿತು. ಹೊಲವಿಲ್ಲದವನ ಹೆಸರು ಯಾವ ಕಂದಾಯದ ಪುಸ್ತಕದಲ್ಲಿ ಸಿಕ್ಕೀತು? ಓದುಬಾರದವನು ಯಾವ ಅರ್ಜಿಯನ್ನು ತಾನೇ ಬರೆದಾನು? ಆದುದರಿಂದ ಮನೆಮನೆಗೆ ಹೋಗುವುದೊಂದೇ ದಾರಿ. ಈ ದಾರಿಯನ್ನು ಅಳೆದು ಗುರುತು ಹಾಕುವ ಹೊಣೆ ಸಂವಿಧಾನ ರಚನಾ ಸಭೆಯ ಸಚಿವಾಲಯದ ಮೇಲೆ ಬಿದ್ದಿತು. ನರಸಿಂಗರಾಯರ ಮಾರ್ಗದರ್ಶನದಲ್ಲಿ ಕೆಲವೇ ಅಧಿಕಾರಿಗಳು ಈ ಕೆಲಸಕ್ಕೆ ಕೈಯಿಟ್ಟರು. ಆಗ ಚುನಾವಣಾ ಆಯೋಗವೂ ಇರಲಿಲ್ಲ, ಚುನಾವಣೆಯ ಕಾಯಿದೆಯೂ ಇರಲಿಲ್ಲ. ಸಂವಿಧಾನವೇ ಇನ್ನೂ ಅಂಗೀಕಾರವಾಗಿರಲಿಲ್ಲ. ಸಂವಿಧಾನವು ಜಾರಿಗೆ ಬಂದ ಮೇಲೆ ಪಟ್ಟಿಯನ್ನು ಬರೆಯಲು ಹೊರಟರೆ ಮೊದಲ ಚುನಾವಣೆ ಬಹಳ ದೂರ ಸರಿಯುತ್ತದೆಂದು ಕಂಡು, ಅವರು ಮುಂಚಿತವಾಗಿಯೇ ಕೆಲಸಕ್ಕೆ ತೊಡಗಿದರು.

ಇಲ್ಲಿಯೂ ರಾಯರ ಕ್ರಮವು ಮೊದಲು ಕೇಳುವುದು, ಬಳಿಕ ಹೇಳುವುದು ಎಂಬುದೇ ಆಗಿದ್ದಿತು. 1947ರ ನವೆಂಬರಿನಲ್ಲಿ ಸಚಿವಾಲಯವು ಎಲ್ಲ ಪ್ರಾಂತಗಳಿಗೂ ಸಂಸ್ಥಾನಗಳಿಗೂ ಪತ್ರ ಬರೆದು, ಸಾರ್ವತ್ರಿಕ ಮತಾಧಿಕಾರದ ಪಟ್ಟಿಯನ್ನು ಹೇಗೆ ತಯಾರಿಸಬಹುದು, ಅದಕ್ಕೆ ಬರಬಹುದಾದ ತೊಡಕುಗಳಾವುವು ಎಂದು ವಿಚಾರಿಸಿತು. ಬಂದ ಉತ್ತರಗಳನ್ನು ಪರಿಶೀಲಿಸಿ 1948ರ ಮಾರ್ಚಿನಲ್ಲಿ ಸೂಚನೆಗಳನ್ನು ಹೊರಡಿಸಿತು. ಪ್ರತ್ಯೇಕ ನೌಕರವರ್ಗವನ್ನು ಕಟ್ಟುವಷ್ಟು ಹಣವಾಗಲಿ ಕಾಲವಾಗಲಿ ಇರಲಿಲ್ಲ. ಹಳ್ಳಿಗಳಲ್ಲಿ ಕಂದಾಯದ ನೌಕರರೂ, ಪಟ್ಟಣಗಳಲ್ಲಿ ಪುರಸಭೆಯಂಥ ಸ್ಥಳೀಯ ಸಂಸ್ಥೆಗಳ ನೌಕರರೂ ಈ ಕೆಲಸಕ್ಕೆ ಒದಗಬೇಕಾಯಿತು. ಪಟ್ಟಣದ ತೊಡಕು ಹಳ್ಳಿಯ ತೊಡಕಿನಂತಲ್ಲ. ಹಳ್ಳಿಯಲ್ಲಿ ಶಾನುಭೋಗನಿಗೆ ಪ್ರತಿಯೊಂದು ಒಲೆಯೂ ಗೊತ್ತು. ಪಟ್ಟಣದಲ್ಲಾದರೋ ಒಂದೇ ಸೂರಿನಡಿ ನಾಲ್ಕು ಸಂಸಾರ, ತಿಂಗಳಿಗೊಮ್ಮೆ ಬದಲಾಗುವ ಬಾಡಿಗೆದಾರರು, ಜಗಲಿಯ ಮೇಲೆ ಮಲಗುವ ಕೂಲಿಗಳು. ಮನೆಗೆ ಸಂಖ್ಯೆಯಿಲ್ಲದಿದ್ದರೆ ಮತದಾರನಿಗೆ ನೆಲೆಯೇ ಇಲ್ಲ. ಬೀದಿಯನ್ನು ಬಲ್ಲ ಸ್ಥಳೀಯ ನೌಕರನ ನೆರವಿಲ್ಲದೆ ಇಂಥ ಕಡೆ ಪಟ್ಟಿ ಬೆಳೆಯಲಾರದು.

ಇದಕ್ಕಿಂತ ದೊಡ್ಡ ತೊಡಕೊಂದು ಎದುರಿಗೇ ನಿಂತಿದ್ದಿತು. ದೇಶವಿಭಜನೆಯಿಂದ ಲಕ್ಷಾಂತರ ಜನ ಮನೆಮಠ ಕಳೆದುಕೊಂಡು ಬಂದಿದ್ದರು. ಪಟ್ಟಿಗೆ ಸೇರಲು ಒಂದು ಊರಿನಲ್ಲಿ ಇಂತಿಷ್ಟು ದಿನ ವಾಸವಾಗಿರಬೇಕೆಂಬುದು ನಿಯಮ. ನಿನ್ನೆ ಮೊನ್ನೆ ಶಿಬಿರಕ್ಕೆ ಬಂದವನು ವಾಸದ ಲೆಕ್ಕವನ್ನು ಎಲ್ಲಿಂದ ತಂದಾನು? ಅವನು ಈ ದೇಶದ ಪ್ರಜೆ ಹೌದೋ ಅಲ್ಲವೋ ಎಂಬುದನ್ನು ಹೇಳುವ ಕಾನೂನೂ ಆಗ ಪೂರ್ಣವಾಗಿರಲಿಲ್ಲ. ಸಚಿವಾಲಯವು ಇದಕ್ಕೊಂದು ಸರಳವಾದ ಉಪಾಯವನ್ನು ಕಂಡಿತು. ನಿರಾಶ್ರಿತನಾಗಿ ಬಂದವನು ತಾನು ಈ ಊರಿನಲ್ಲಿ ಶಾಶ್ವತವಾಗಿ ನೆಲಸುವೆನೆಂದು ಘೋಷಿಸಿದರೆ ಸಾಕು, ಅವನ ಹೆಸರನ್ನು ಸದ್ಯಕ್ಕೆ ಸೇರಿಸಿಕೊಳ್ಳಬೇಕು. ದಿನಗಳ ಲೆಕ್ಕವನ್ನು ಕೇಳಕೂಡದು. ಎಲ್ಲವನ್ನೂ ಕಳೆದುಕೊಂಡ ಮನುಷ್ಯನ ಮಾತಿಗೆ ಸರ್ಕಾರವು ಬೆಲೆ ಕೊಟ್ಟ ಪ್ರಸಂಗವಿದು.

ಆದರೆ ಸೂಚನೆಯನ್ನು ಹೊರಡಿಸುವವರು ಒಬ್ಬರು. ಬಾಗಿಲಲ್ಲಿ ನಿಂತು ಹೆಸರು ಬರೆಯುವವರು ಇನ್ನೊಬ್ಬರು. ಅಸ್ಸಾಮಿನಲ್ಲಿ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರ ಹೆಸರನ್ನು ಸೇರಿಸಲು ಸ್ಥಳೀಯ ಅಧಿಕಾರಿಗಳು ಹಿಂಜರಿಯುತ್ತಿದ್ದಾರೆಂದು ದೂರುಗಳು ಬಂದುವು. ಒಂದು ಕಾಲಕ್ಕೆ ರಾಯರು ಎಂಟು ವರ್ಷ ಸೇವೆ ಸಲ್ಲಿಸಿದ ಪ್ರಾಂತವೇ ಅದು. ದೆಹಲಿಯ ಸಚಿವಾಲಯವು ಇಂಥ ದೂರುಗಳನ್ನು ಮೂಲೆಗೆ ತಳ್ಳದೆ, ಪ್ರಾಂತಸರ್ಕಾರದಿಂದ ವಿವರಣೆಯನ್ನು ಕೇಳಿತು. ಈ ಅನುಭವದಿಂದ ಒಂದು ಸತ್ಯ ಬೆಳಕಿಗೆ ಬಂದಿತು. ಪಟ್ಟಿಯಿಂದ ಒಬ್ಬನನ್ನು ದೂರವಿಡಲು ಕತ್ತಿ ಬೇಕಾಗಿಲ್ಲ, ಕಾನೂನೂ ಬೇಕಾಗಿಲ್ಲ. ಬರೆಯುವವನು ಲೇಖನಿಯನ್ನು ಎತ್ತದಿದ್ದರೆ ಸಾಕು. ಹಾಗಿದ್ದಲ್ಲಿ ಆ ಬರೆಯುವವನನ್ನು ನೇಮಿಸುವವರು ಯಾರು, ಅವನು ಯಾರ ಮಾತಿಗೆ ಕಟ್ಟುಬೀಳಬೇಕು ಎಂಬ ಪ್ರಶ್ನೆ ಬಹು ಗಂಭೀರವಾದುದು.

1948ರಲ್ಲಿ ಪ್ರಕಟವಾದ ಕರಡು ಸಂವಿಧಾನದಲ್ಲಿ ಕೇಂದ್ರಕ್ಕೆ ಒಂದು ಚುನಾವಣಾ ಆಯೋಗ, ರಾಜ್ಯಗಳಿಗೆ ಬೇರೆಬೇರೆ ಆಯೋಗಗಳು ಎಂಬ ವ್ಯವಸ್ಥೆಯಿದ್ದಿತು. 1949ರ ಜೂನ್ 15ರಂದು ಅಂಬೇಡ್ಕರರು ಈ ವ್ಯವಸ್ಥೆಯನ್ನು ಬದಲಿಸುವ ತಿದ್ದುಪಡಿಯನ್ನು ಸಭೆಯ ಮುಂದಿಟ್ಟರು. ಕೆಲವು ಪ್ರಾಂತಗಳಲ್ಲಿ ಅಲ್ಲಿನ ಭಾಷೆ, ಸಂಸ್ಕೃತಿ, ಕುಲಗಳಿಗೆ ಸೇರದವರನ್ನು ಪಟ್ಟಿಯಿಂದ ಹೊರಗಿಡುವ ಪ್ರಯತ್ನ ನಡೆದಿದೆಯೆಂಬ ದೂರುಗಳನ್ನು ಅವರು ಅದಕ್ಕೆ ಕಾರಣವಾಗಿ ತಿಳಿಸಿದರು. ಇಡೀ ದೇಶಕ್ಕೆ ಒಂದೇ ಸ್ವತಂತ್ರ ಆಯೋಗ, ಮತದಾರರ ಪಟ್ಟಿಯ ಮೇಲ್ವಿಚಾರಣೆ ಅದರದೇ ಎಂಬ ನಿರ್ಣಯವು ಹೀಗೆ ರೂಪುಗೊಂಡಿತು. ಸಂವಿಧಾನದ 324ನೆಯ ವಿಧಿಯಲ್ಲಿ ನಾವು ಕಾಣುವುದು ಇದನ್ನೇ. ಮತಧರ್ಮ, ಕುಲ, ಜಾತಿ, ಲಿಂಗಗಳ ಕಾರಣದಿಂದ ಯಾರನ್ನೂ ಪಟ್ಟಿಯಿಂದ ಹೊರಗಿಡಬಾರದೆಂದು 325ನೆಯ ವಿಧಿ ಹೇಳುತ್ತದೆ. 326ನೆಯ ವಿಧಿ ವಯಸ್ಕರೆಲ್ಲರಿಗೂ ಮತಾಧಿಕಾರವನ್ನು ನೀಡುತ್ತದೆ. ಸಾಮಾನ್ಯವಾಗಿ ಸಂವಿಧಾನದಿಂದ ಆಚರಣೆ ಹುಟ್ಟುತ್ತದೆ. ಇಲ್ಲಿ ಪಟ್ಟಿ ಬರೆದ ಅನುಭವವೇ ಸಂವಿಧಾನವನ್ನು ತಿದ್ದಿತು.

1950ರ ಜನವರಿ 25ರಂದು ಚುನಾವಣಾ ಆಯೋಗ ಸ್ಥಾಪಿತವಾಯಿತು. ಮಾರ್ಚಿನಲ್ಲಿ ಸುಕುಮಾರ್ ಸೇನ್ ಅವರು ಮೊದಲ ಮುಖ್ಯ ಚುನಾವಣಾ ಆಯುಕ್ತರಾದರು. ಸಚಿವಾಲಯವು ಆರಂಭಿಸಿದ್ದ ಕೆಲಸವನ್ನು ಅವರು ಕೈಗೆತ್ತಿಕೊಂಡು ಪೂರೈಸಿದರು. ಪಟ್ಟಿಗಳನ್ನು ಬೆರಳಚ್ಚು ಮಾಡಿ ಜೋಡಿಸಲು ಹದಿನಾರೂವರೆ ಸಾವಿರ ಗುಮಾಸ್ತರು ಆರು ತಿಂಗಳ ಮಟ್ಟಿಗೆ ನೇಮಕಗೊಂಡರು. ಅಚ್ಚು ಹಾಕಲು ಸುಮಾರು 3,80,000 ರೀಮು ಕಾಗದ ಬೇಕಾಯಿತು. ಕೊನೆಗೆ ಪಟ್ಟಿಯಲ್ಲಿ ಸೇರಿದವರು ಹದಿನೇಳು ಕೋಟಿಗೂ ಹೆಚ್ಚು ಮಂದಿ. ಅಷ್ಟು ದೊಡ್ಡ ಮತದಾರ ಸಮೂಹವನ್ನು ಲೋಕವು ಅದುವರೆಗೆ ಕಂಡಿರಲಿಲ್ಲ. ಅವರಲ್ಲಿ ಬಹುಪಾಲು ಜನ ಅಕ್ಷರ ಅರಿಯದವರು.

ಈ ಮಹಾ ಎಣಿಕೆಯಲ್ಲಿಯೂ ಒಂದು ನೋವಿನ ಸಂಗತಿ ಉಳಿಯಿತು. ಉತ್ತರ ಭಾರತದ ಹಲವೆಡೆ ಸ್ತ್ರೀಯರು ಪರಪುರುಷನ ಮುಂದೆ ತಮ್ಮ ಹೆಸರನ್ನು ಹೇಳಲು ಒಪ್ಪಲಿಲ್ಲ. ಇಂಥವನ ಹೆಂಡತಿ, ಇಂಥವನ ತಾಯಿ ಎಂದೇ ಅವರನ್ನು ಬರೆದುಕೊಳ್ಳಲಾಗಿದ್ದಿತು. ನಮ್ಮ ಹಳ್ಳಿಗಳಲ್ಲಿ ಹೆಂಗಸರು ಗಂಡನ ಹೆಸರನ್ನು ಬಾಯಲ್ಲಿ ಆಡಲು ನಾಚುವುದನ್ನು ಬಲ್ಲವರಿಗೆ ಆ ಸಂಕೋಚ ಅರ್ಥವಾಗದಿರದು. ಆದರೆ ಸ್ವಂತ ಹೆಸರಿಲ್ಲದೆ ಸ್ವಂತ ಮತವೆಲ್ಲಿ? ಸ್ತ್ರೀಯು ತನ್ನ ಹೆಸರಿನಿಂದಲೇ ಮತದಾರಳಾಗಬೇಕೆಂದು ಆಯೋಗವು ಪಟ್ಟುಹಿಡಿಯಿತು. ಹೆಸರು ತಿಳಿಸದ ಸುಮಾರು ಇಪ್ಪತ್ತೆಂಟು ಲಕ್ಷ ಸ್ತ್ರೀಯರ ನಮೂದುಗಳನ್ನು ಪಟ್ಟಿಯಿಂದ ತೆಗೆಯಬೇಕಾಯಿತು. ಆ ನಿಷ್ಠುರತೆಯ ಫಲವಾಗಿ ಅಷ್ಟು ಮಂದಿ ಮೊದಲ ಚುನಾವಣೆಯ ಹೊರಗೆ ಉಳಿದರು. ಅದು ಸಣ್ಣ ನಷ್ಟವೆಂದು ಹೇಳುವಂತಿಲ್ಲ.

1951ರ ಅಕ್ಟೋಬರಿನಿಂದ 1952ರ ಫೆಬ್ರವರಿಯವರೆಗೆ ದೇಶದಲ್ಲಿ ಮೊದಲ ಮಹಾಚುನಾವಣೆ ನಡೆಯಿತು. ನರಸಿಂಗರಾಯರ ಹುಟ್ಟೂರಿನ ಕಡೆಯಿಂದ, ಅವರ ಸೋದರರಾದ ಶಿವರಾಯರು ಲೋಕಸಭೆಗೆ ಆಯ್ಕೆಯಾದರು. ಅಷ್ಟು ಹೊತ್ತಿಗೆ ರಾಯರು ದೂರದೇಶದಲ್ಲಿದ್ದರು. ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾಗಿದ್ದ ಅವರು, 1950ರ ಜೂನಿನಲ್ಲಿ ಕೊರಿಯಾ ಯುದ್ಧ ಆರಂಭವಾದಾಗ ಭದ್ರತಾ ಮಂಡಳಿಯ ಅಧ್ಯಕ್ಷಪೀಠದಲ್ಲಿದ್ದರು. 1952ರಲ್ಲಿ ಹೇಗ್ ನಗರದ ಅಂತಾರಾಷ್ಟ್ರೀಯ ನ್ಯಾಯಾಲಯದ ನ್ಯಾಯಮೂರ್ತಿಗಳಾದರು. ಮರುವರ್ಷ, 1953ರ ನವೆಂಬರ್ 30ರಂದು ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ ತೀರಿಕೊಂಡರು. ಆಗ ಅವರಿಗೆ ಅರವತ್ತಾರು ವರ್ಷ. ಸಂವಿಧಾನದ ರಚನೆಯನ್ನು ಕುರಿತ ಅವರ ಬರಹಗಳು 1960ರಲ್ಲಿ ಪುಸ್ತಕವಾಗಿ ಬಂದುವು.

ರಾಯರು ಕಾಲವಾದ ಮೇಲೆ ಪಟ್ಟಿಯ ವ್ಯವಸ್ಥೆ ಇನ್ನಷ್ಟು ಗಟ್ಟಿಯಾಯಿತು. 1950ರ ಪ್ರಜಾಪ್ರಾತಿನಿಧ್ಯ ಕಾಯಿದೆಯೂ ಅದಕ್ಕೆ ಮುಂದೆ ಸೇರಿದ ತಿದ್ದುಪಡಿಗಳೂ ಇದಕ್ಕೊಂದು ಕ್ರಮವನ್ನು ಹಾಕಿಕೊಟ್ಟಿವೆ. ರಾಜ್ಯಕ್ಕೊಬ್ಬ ಮುಖ್ಯ ಚುನಾವಣಾಧಿಕಾರಿ, ಜಿಲ್ಲೆಗೊಬ್ಬ ಜಿಲ್ಲಾ ಚುನಾವಣಾಧಿಕಾರಿ, ಪ್ರತಿಯೊಂದು ಕ್ಷೇತ್ರಕ್ಕೂ ಒಬ್ಬ ಮತದಾರರ ನೋಂದಣಿ ಅಧಿಕಾರಿ. ಈ ನೋಂದಣಿ ಅಧಿಕಾರಿಯು ಸರ್ಕಾರದ ಇಲ್ಲವೇ ಸ್ಥಳೀಯ ಸಂಸ್ಥೆಯ ಅಧಿಕಾರಿಯೇ ಆಗಿರುತ್ತಾನೆ. ಆದರೆ ಅವನನ್ನು ಗೊತ್ತುಮಾಡುವುದು, ರಾಜ್ಯಸರ್ಕಾರದೊಡನೆ ಸಮಾಲೋಚಿಸಿ, ಚುನಾವಣಾ ಆಯೋಗ. ಪಟ್ಟಿಯ ಕೆಲಸದಲ್ಲಿರುವಷ್ಟು ಕಾಲ ಅವನು ಆಯೋಗದ ನಿಯಂತ್ರಣಕ್ಕೇ ಒಳಪಟ್ಟವನು. ಬೆಂಗಳೂರಿನಂಥ ಮಹಾನಗರದಲ್ಲಿ ಪಾಲಿಕೆಯ ಆಯುಕ್ತರೇ ಜಿಲ್ಲಾ ಚುನಾವಣಾಧಿಕಾರಿಯ ಹೊಣೆಯನ್ನು ಹೊತ್ತ ಕಾಲವುಂಟು. ಬೀದಿಯ ದೀಪವನ್ನೂ ಚರಂಡಿಯನ್ನೂ ನೋಡಿಕೊಳ್ಳುವ ಅಧಿಕಾರಿ ಪಟ್ಟಿಯ ಮುಂದೆ ಕುಳಿತಾಗ ನಗರದ ಸೇವಕನೂ ಹೌದು, ಆಯೋಗದ ಸೇವಕನೂ ಹೌದು. ಅವನ ಕೆಳಗೆ ಮತಗಟ್ಟೆಗೊಬ್ಬರಂತೆ ಉಪಾಧ್ಯಾಯರೂ ಅಂಗನವಾಡಿ ಕಾರ್ಯಕರ್ತೆಯರೂ ಇತರ ನೌಕರರೂ ದುಡಿಯುತ್ತಾರೆ. ಕರಡು ಪಟ್ಟಿ ಪ್ರಕಟವಾದ ಮೇಲೆ ತನ್ನ ಹೆಸರು ಬಿಟ್ಟುಹೋಗಿದೆಯೆಂದು ಕೇಳುವ ಹಕ್ಕೂ, ಇಲ್ಲದವರ ಹೆಸರು ಸೇರಿದೆಯೆಂದು ಆಕ್ಷೇಪಿಸುವ ಹಕ್ಕೂ ಪ್ರಜೆಗೆ ಇದೆ. ಅಧಿಕಾರಿಯ ತೀರ್ಮಾನ ಒಪ್ಪಿಗೆಯಾಗದಿದ್ದರೆ ಮೇಲ್ಮನವಿಗೂ ಅವಕಾಶವಿದೆ. ಸಂವಿಧಾನದ 61ನೆಯ ತಿದ್ದುಪಡಿಯ ಮೂಲಕ 1989ರಿಂದ ಮತದಾನದ ವಯಸ್ಸು ಹದಿನೆಂಟಕ್ಕೆ ಇಳಿದಿದೆ. ಆಯೋಗದ ಹುಟ್ಟುದಿನವಾದ ಜನವರಿ 25ನ್ನು 2011ರಿಂದ ರಾಷ್ಟ್ರೀಯ ಮತದಾರರ ದಿನವೆಂದು ಆಚರಿಸಲಾಗುತ್ತಿದೆ.

ನರಸಿಂಗರಾಯರು ಚುನಾವಣೆಗೆ ನಿಂತು ಮತ ಯಾಚಿಸಿದವರಲ್ಲ. ಜನಸ್ತೋಮದ ಜಯಘೋಷವನ್ನು ಕೇಳಿದವರೂ ಅಲ್ಲ. ಸಚಿವಾಲಯದ ಒಂದು ಕೊಠಡಿಯಲ್ಲಿ ಕುಳಿತು, ತಾವು ಎಂದೂ ಕಾಣದ ಕೋಟ್ಯಂತರ ಜನರ ಹೆಸರು ಒಂದು ಕಾಗದದ ಮೇಲೆ ಬರಬೇಕೆಂದು ಶ್ರಮಿಸಿದವರು. ಅರಮನೆಯ ಒಡೆಯನಿಗೂ ಅದರ ಅಂಗಳವನ್ನು ಗುಡಿಸುವವಳಿಗೂ ಆ ಕಾಗದದಲ್ಲಿ ಒಂದೊಂದೇ ಸಾಲು. ಹೆಸರಾಂತ ನಾಯಕರ ಪ್ರತಿಮೆಗಳು ನಾಲ್ಕು ದಾರಿ ಕೂಡುವಲ್ಲಿ ನಿಂತಿರುತ್ತವೆ. ರಾಯರಂಥವರ ಸ್ಮಾರಕ ಮನೆಯ ಬಾಗಿಲಿಗೇ ಬರುತ್ತದೆ. ಮುಂದೊಂದು ದಿನ ಉಪಾಧ್ಯಾಯರೊಬ್ಬರು ಪಟ್ಟಿಯನ್ನು ಹಿಡಿದು ನಿಮ್ಮ ಮನೆಯ ಮುಂದೆ ನಿಂತು ಹೆಸರನ್ನು ಕೇಳಿದಾಗ, ಅವರಿಗೊಂದು ಲೋಟ ನೀರು ಕೊಟ್ಟು, ನಿಮ್ಮ ಹೆಸರನ್ನು ತಪ್ಪಿಲ್ಲದಂತೆ ಬರೆಸಿರಿ. ಪಕ್ಕದ ಮನೆಯ ಅಜ್ಜಿಯ ಹೆಸರು ಬಿಟ್ಟುಹೋಗಿದ್ದರೆ ಅದನ್ನೂ ನೆನಪು ಮಾಡಿಕೊಡಿರಿ.

ಅಭ್ಯಾಸ

1. ನರಸಿಂಗರಾಯರ ವಿದ್ಯಾಭ್ಯಾಸ ಎಲ್ಲೆಲ್ಲಿ ನಡೆಯಿತು?
2. ಹಿಂದಿನ ಮತದಾರರ ಪಟ್ಟಿಗೂ ಸ್ವತಂತ್ರ ಭಾರತದ ಪಟ್ಟಿಗೂ ಇರುವ ವ್ಯತ್ಯಾಸಗಳನ್ನು ವಿವರಿಸಿರಿ.
3. ನಿರಾಶ್ರಿತರ ಹೆಸರನ್ನು ಪಟ್ಟಿಗೆ ಸೇರಿಸಲು ಸಚಿವಾಲಯವು ಕಂಡುಕೊಂಡ ಉಪಾಯವೇನು?
4. ಇಡೀ ದೇಶಕ್ಕೆ ಒಂದೇ ಚುನಾವಣಾ ಆಯೋಗ ಇರಬೇಕೆಂಬ ನಿರ್ಣಯಕ್ಕೆ ಕಾರಣವಾದ ಸಂಗತಿಗಳಾವುವು?
5. ನಿಮ್ಮ ಊರಿನಲ್ಲಿ ಮತದಾರರ ಪಟ್ಟಿಯ ಕೆಲಸವನ್ನು ಯಾರು ಮಾಡುತ್ತಾರೆಂಬುದನ್ನು ವಿಚಾರಿಸಿ ಹತ್ತು ವಾಕ್ಯಗಳಲ್ಲಿ ಬರೆಯಿರಿ.